ಮೂರು ಫೂಟಿನ ಖಾಕನಾಯ

ಶಹಾಬಾದದ ನಮ್ಮ ಮನೆಯಲ್ಲಿ ಮಣ್ಣಿನ ನೆಲ ಇದ್ದದ್ದು ಒಂದೇ ಒಂದು ಕಡೆ. ಉಳಿದದ್ದೆಲ್ಲ ಕಲ್ಲು. ಪಡಸಾಲೆಗೆ ಫರ್ಸಿ, ಅಡುಗೆಮನೆಗೆ ಫರ್ಸಿ, ಬಚ್ಚಲಿಗೆ ಫರ್ಸಿ. ಗೋಡೆಯ ಗೂಡಿಗೆ ಅಡ್ಡ ಹಾಕಿದ್ದೂ ಅದೇ ಬೂದುಬಣ್ಣದ ಚಪ್ಪಟೆ ಕಲ್ಲು, ಹಿತ್ತಲಿಗೆ ಬೇಲಿ ಅಂತ ಸಾಲಾಗಿ ನಿಲ್ಲಿಸಿದ್ದೂ ಅದೇ. ಊರೇ ಕಲ್ಲಿನ ಮೇಲೆ ಕೂತ ಊರು, ಎಲ್ಲಿ ಅಗೆದರೂ ಪದರ ಪದರವಾಗಿ ಫರ್ಸಿ ಏಳುತ್ತದೆ. ಬೇಸಿಗೆಯ ಮಧ್ಯಾಹ್ನ ನಾವು ಹುಡುಗಿಯರು ಅದರ ಮೇಲೆ ನೀರು ಚಿಮುಕಿಸಿ, ಕೆನ್ನೆ ಹಚ್ಚಿ ಮಲಗುತ್ತಿದ್ದೆವು. ಆದರೆ ಮನೆಯ ನಟ್ಟನಡುವೆ, ಎರಡು ಗೋಡೆಗಳ ಮಧ್ಯೆ, ಬೀದಿಯಿಂದ ಹಿತ್ತಲಿನವರೆಗೆ ಮೂರು ಫೂಟು ಅಗಲದ ಒಂದು ಸಂದಿ ಇತ್ತು. ಅದಕ್ಕೆ ಮಾತ್ರ ಫರ್ಸಿ ಹಾಸಿರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಎಂಟು ದಿನಕ್ಕೊಮ್ಮೆ ಹೆಂಡಿ, ಕೆಮ್ಮಣ್ಣು ಕಲಸಿ ಅದನ್ನು ತನ್ನ ಕೈಯಾರೆ ಸಾರಿಸುತ್ತಿದ್ದಳು. ಬೇರೆ ಯಾರ ಕೈಯನ್ನೂ ಅದಕ್ಕೆ ತಾಗಗೊಡುತ್ತಿರಲಿಲ್ಲ. ಆ ಸಂದಿಗೆ ನಮ್ಮ ಮನೆಯಲ್ಲಿ ಖಾಕನಾಯ ಅಂತ ಹೆಸರು.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಬರೆಯಲು ಕೂತಿರುವುದಕ್ಕೆ ಕಾರಣ ಒಂದು ಫೋನು. ಹೋದ ತಿಂಗಳು ದೊಡ್ಡಪ್ಪನ ಮಗಳು ಶರಣಮ್ಮಕ್ಕ ಮಾಡಿದ್ದಳು. ಮಳೆ ಬಂದರೆ ಸಂದಿಯೊಳಗೆ ನೀರು ನಿಂತು ಎರಡೂ ಕಡೆ ಗೋಡೆ ಸವಳಾಕತ್ತಾವ, ಪೈಪು ಹಾಕಿಸಿ ಮ್ಯಾಲ ಫರ್ಸಿ ಮುಚ್ಚಿಸಬೇಕು, ನಿಮ್ಮ ಪಾಲಿನ ಮನಿ ನಿನ್ನ ಹೆಸರಿಗೆ ಅದ, ನೀ ಬಂದು ನಿಂತು ಹೂಂ ಅನ್ನು ಅಂದಳು. ನಾನಿರುವುದು ಸೇಡಂದಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ಮನೆಯಲ್ಲಿ ಕೂತಿದ್ದೇನೆ. ಮೊಣಕಾಲು ಹೋಗಿವೆ, ನಿದ್ದೆ ಹೋಗಿದೆ. ಈಗ ಯಾವುದಕ್ಕೂ ಬೇಡ ಅನ್ನುವಷ್ಟು ತ್ರಾಣ ಇಲ್ಲ. ಬೇಡ ಅಂದರೆ ಕಾರಣ ಹೇಳಬೇಕಾಗುತ್ತದೆ, ಹೂಂ ಅಂದರೆ ಮುಗಿಯಿತು. ಹೂಂ ಅಂದೆ. ಆದರೆ ಆ ಸಂದಿಯ ಮಣ್ಣಿನ ಕೆಳಗೆ ಒಂದು ಕಲ್ಲಿದೆ. ಒಂಬತ್ತು ವರ್ಷದವಳಿದ್ದಾಗಿನಿಂದ ಅದು ನನಗೆ ಗೊತ್ತು. ನಮ್ಮಪ್ಪನಿಗೆ ಅದನ್ನು ಹೇಳದೆಯೇ ಮಣ್ಣಿಗೆ ಕಳಿಸಿದೆ. ದೊಡ್ಡಪ್ಪ ಇನ್ನೂ ಇದ್ದಾನೆ. ಅವನಿಗಾದರೂ ಹೇಳುವುದೋ ಬಿಡುವುದೋ, ನನಗೆ ಉಳಿದ ಕೆಲಸ ಅದೊಂದೇ ಅನ್ನಿಸಿತು.

ಜಗಳ ಶುರುವಾದದ್ದು ಕಲ್ಲಿನ ರಾಡಿಯಿಂದ. ಅಪ್ಪ, ದೊಡ್ಡಪ್ಪ ಇಬ್ಬರೇ ಅಣ್ಣತಮ್ಮಂದಿರು. ಉದ್ದನೆಯ ಅಂಗಳ, ಅದರ ಎರಡೂ ಪಕ್ಕಕ್ಕೆ ಖೋಲಿಗಳು, ಒಂದೇ ಒಲೆ. ದೊಡ್ಡಪ್ಪ ಫರ್ಸಿ ಖಣಿಯಲ್ಲಿ ಆಳುಗಳ ಮೇಲಿನ ಮುಕಾದಮನಾಗಿದ್ದವನು, ಹಿತ್ತಲಲ್ಲಿ ಕಲ್ಲು ಕೊಯ್ಯುವ ಮಷೀನು ಹಾಕಿಸಿದ. ಅಪ್ಪ ಚಿತ್ತಾಪುರದಲ್ಲಿ ಸಾಲಿ ಮಾಸ್ತರ, ಮುಂಜಾನೆ ವಾಡಿ ಮೇಲಿಂದ ಹೋಗುವ ಗಾಡಿ ಹತ್ತಿದರೆ ಸಂಜೆಗೇ ಬರುವವನು. ಹಾಗಾಗಿ ಮಷೀನಿನ ಕಾಟ ಅವನಿಗೆ ಗೊತ್ತಿರಲಿಲ್ಲ, ಅವ್ವನಿಗೆ ಗೊತ್ತಿತ್ತು. ಕಲ್ಲು ಕೊಯ್ಯುವಾಗ ಬಿಡುವ ನೀರು ಬಿಳಿ ರಾಡಿಯಾಗಿ ಹರಿದು ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಒಣಗಿದರೆ ಪುಡಿ ಎದ್ದು ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಎಲ್ಲದರ ಮೇಲೆ ಕೂರುತ್ತಿತ್ತು. ಅವ್ವ ಚಿಂಚೋಳಿ ಕಡೆಯ ಸುಲೇಪೇಟದವಳು, ತೊಗರಿ ಹೊಲದ ನಡುವೆ ಬೆಳೆದ ಹೆಣ್ಣು. ಈ ಬಿಳಿ ಪುಡಿ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಐತವಾರ ಅಪ್ಪನ ರೊಟ್ಟಿಯಲ್ಲಿ ಕಲ್ಲಿನಪುಡಿ ಹಲ್ಲಿಗೆ ಕಟುಕ್ಕೆಂದಿತು. ಅವನು ತಾಟು ಪಕ್ಕಕ್ಕೆ ಸರಿಸಿ, ಮಷೀನು ತೆಗಿ ಅಣ್ಣ ಅಂದ. ದೊಡ್ಡಪ್ಪ, ಈ ಕಲ್ಲೇ ನಿನ್ನ ಸಾಲಿ ಕಲಿಸ್ಯಾವ, ಈಗ ಮಾಸ್ತರ ಆದ ಮ್ಯಾಲ ಹಲ್ಲಿಗೆ ಚುಚ್ಚಾಕತ್ತಾವೇನು ಅಂದ. ಇದು ನಮ್ಮವ್ವ ಹೇಳಿದ್ದು. ದೊಡ್ಡವ್ವ ಹೇಳುತ್ತಿದ್ದದ್ದೇ ಬೇರೆ. ಮಷೀನು ಹಾಕುವಾಗ ನಿಮ್ಮಪ್ಪನೇ ನಿಂತು ಜಾಗ ತೋರಿಸಿದ್ದ, ಆಮೇಲೆ ಹೆಂಡತಿ ಮಾತು ಕೇಳಿ ತಿರುಗಿಬಿದ್ದ ಅಂತ. ಎರಡೂ ಖರೆ ಇರಬೇಕು. ನಮ್ಮ ಮನೆಯಲ್ಲಿ ಸುಳ್ಳು ಹೇಳುವವರು ಯಾರೂ ಇರಲಿಲ್ಲ, ಎಲ್ಲರೂ ಅರ್ಧರ್ಧ ಹೇಳುವವರೇ.

ಊರ ಹಿರಿಯರು ಕೂಡಿ ಮನೆ ಎರಡು ಪಾಲು ಮಾಡಿದರು. ಅಂಗಳದ ಉದ್ದಕ್ಕೂ ಹಗ್ಗ ಹಿಡಿದು, ನಡುವೆ ಒಂದು ಗುರುತಿನ ಕಲ್ಲು ನೆಲದ ಮಟ್ಟಕ್ಕೆ ಹುಗಿದು, ನಿಮ್ಮ ನಿಮ್ಮ ಗೋಡೆ ಎಬ್ಬಿಸಿಕೊಳ್ಳಿರಿ ಅಂದು ಎದ್ದು ಹೋದರು. ಗೋಡೆ ಕಟ್ಟಿದವನು ಗೌಂಡಿ ಮೌಲಾಸಾಬ. ಇಬ್ಬರಿಗೂ ಅವನೇ, ನಮ್ಮ ಮುತ್ಯಾನ ಕಾಲದಿಂದಲೂ ನಮ್ಮ ಮನೆಯ ಕಲ್ಲಿನ ಕೆಲಸವೆಲ್ಲ ಅವನದೇ. ಗೋಡೆ ಏಳುವ ದಿನಗಳಲ್ಲಿ ಅಪ್ಪ ಸಾಲಿಗೆ ಹೋಗಿಬಿಡುತ್ತಿದ್ದ, ದೊಡ್ಡಪ್ಪ ಖಣಿಗೆ. ಇದ್ದ ಮನೆ ಎರಡಾಗುವುದನ್ನು ನೋಡುತ್ತ ನಿಲ್ಲುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಗೋಡೆ ಮುಗಿದ ಮೇಲೆ ನೋಡಿದರೆ ನಡುವೆ ಮೂರು ಫೂಟು ಖಾಲಿ, ಎರಡೂ ಗೋಡೆಗೆ ಎದುರುಬದುರು ಒಂದೊಂದು ಸಣ್ಣ ಬಾಗಿಲು. ಅಲ್ಲಿದ್ದ ಹಳೆಯ ಫರ್ಸಿಯನ್ನು ಪಾಯ ತೋಡುವಾಗ ಕಿತ್ತಿದ್ದರು, ಮತ್ತೆ ಹಾಸಲಿಲ್ಲ. ಹಾಸಿದವನು ಜಾಗ ತನ್ನದು ಅಂದಂತಾಗುತ್ತದೆ ಅಂತ ಒಬ್ಬ ಸುಮ್ಮನಿದ್ದ, ಇನ್ನೊಬ್ಬನೂ ಸುಮ್ಮನಿದ್ದ. ಅಪ್ಪ ನಮಗೆ ಹೇಳುತ್ತಿದ್ದದ್ದು ಇಷ್ಟು: ಆ ಸಂದಿ ಪೂರ್ತಿ ನನ್ನ ಪಾಲಿನದು, ಅವ್ವ ಎರಡೂ ಮನೆಗೆ ಅಡ್ಡಾಡಲಿ ಅಂತ ನಾನೇ ಮೌಲಾಸಾಬನ ಕಿವಿಯಲ್ಲಿ ಹೇಳಿ ಬಿಡಿಸಿದ್ದು.

ಆಯಿ ಅಡ್ಡಾಡಿದಳು. ಅವಳ ಬಾಳೇ ಆ ಸಂದಿಯಾಯಿತು. ಎರಡು ಮನೆಯ ನಡುವೆ ಯಾವ ಪಾತ್ರೆಯೂ ದಾಟಬಾರದು, ಹಾಲಿನ ಹೆಪ್ಪು ಕೂಡ ಕೇಳಬಾರದು ಅಂತ ಕಟ್ಟಾಗಿತ್ತು. ದಾಟುತ್ತಿದ್ದದ್ದು ಆಯಿಯ ಹೊಟ್ಟೆಯೊಳಗೆ ಇದ್ದದ್ದು ಮಾತ್ರ. ಯಾರ ಮನೆಯಲ್ಲಿ ಉಣ್ಣುತ್ತಿ ಅಂತ ಹಿರಿಯರು ಕೇಳಿದಾಗ, ಎರಡೂ ಕಡೆ ಅಂದಿದ್ದಳಂತೆ. ಅದನ್ನು ಅವಳು ಅಕ್ಷರಶಃ ನಡೆಸಿದಳು. ಒಂದೇ ಹೊತ್ತಿನ ಊಟದಲ್ಲಿ ರೊಟ್ಟಿ, ಪುಂಡಿಪಲ್ಯ ಅಲ್ಲಿ ತಿಂದು, ಕೈ ತೊಳೆದು, ಸಂದಿ ದಾಟಿ ಬಂದು ಅನ್ನ, ಬ್ಯಾಳಿ ಇಲ್ಲಿ ಉಣ್ಣುವಳು. ಮರುದಿನ ಅದಲುಬದಲು. ಅವ್ವ ದಿನಾ ಕೇಳುವಳು, ಅಲ್ಲಿ ಏನು ಮಾಡಿದ್ದರು, ಹ್ಯಾಂಗಿತ್ತು ಅಂತ. ಆಯಿ, ಜರಾ ಉಪ್ಪು ಕಮ್ಮಿ ಇತ್ತು ಅನ್ನುವಳು. ಅವ್ವನಿಗೆ ಅಷ್ಟು ಸಾಕು, ಇನ್ನೊಂದು ಹುಟ್ಟು ಅನ್ನ ಬಡಿಸುವಳು. ಶರಣಮ್ಮಕ್ಕ ಮುಂದೆ ಹೇಳಿದಳು, ಅವರ ಮನೆಯಲ್ಲಿ ನಮ್ಮ ಬ್ಯಾಳಿಗೂ ದಿನಾ ಉಪ್ಪು ಕಮ್ಮಿಯೇ ಇರುತ್ತಿತ್ತಂತೆ. ಎಳ್ಳಮಾಸಿ ಹಬ್ಬಕ್ಕೆ ಎರಡೂ ಕಡೆ ಭಜ್ಜಿ, ಸಜ್ಜಿ ರೊಟ್ಟಿ ಮಾಡಿದಾಗ ಮುದುಕಿ ಎರಡೂ ಕಡೆ ತಿಂದು ಸಂಜೆಯವರೆಗೆ ಸಂದಿಯೊಳಗೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಉಳಿದ ದಿನ ಎರಡು ಕಡೆ ಉಂಡೂ ಅವಳ ಹೊಟ್ಟೆ ತುಂಬುತ್ತಿತ್ತೋ ಇಲ್ಲವೋ ನನಗೆ ಅನುಮಾನ. ಅಲ್ಲಿ ತಿಂದಿರ್ತಾಳ ಅಂತ ಇವರು, ಇಲ್ಲಿ ತಿಂತಾಳ ಅಂತ ಅವರು. ವರ್ಷವರ್ಷಕ್ಕೆ ಅವಳ ಬಳೆಗಳು ಮೊಣಕೈ ಕಡೆಗೆ ಏರುತ್ತಿದ್ದವು.

ಹೆಸರಿನ ಕಥೆ ಹೇಳಬೇಕು. ಅಪ್ಪ ಓದಿದ್ದು ಉರ್ದುವಿನಲ್ಲಿ. ಆಗ ನಮ್ಮ ಕಡೆ ಸಾಲಿ ಅಂದರೆ ಉರ್ದುವೇ. ಮನೆಯಲ್ಲಿ ವಿಭೂತಿ ಹಚ್ಚಿ ಲಿಂಗಪೂಜೆ ಮಾಡಿಕೊಂಡು, ಸಾಲಿಗೆ ಹೋಗಿ ಅಲೀಫ್ ಬೇ ಬರೆಯುತ್ತಿದ್ದ ಕಾಲ ಅದು. ಆಮೇಲೆ ರಾಜ್ಯ ಬದಲಾಯಿತು, ಸಾಲಿ ಬದಲಾಯಿತು. ಕನ್ನಡದಲ್ಲಿ ಕಲಿಸುತ್ತ ಅಪ್ಪ ಮಾಸ್ತರಿಕೆ ಮಾಡಿದ. ಆದರೆ ಭೂಗೋಳದ ಮಾತು ಬಂದರೆ ಅವನ ಬಾಯಿಗೆ ಮೊದಲು ಬರುತ್ತಿದ್ದದ್ದು ಉರ್ದು. ಎರಡು ಸಮುದ್ರಗಳ ನಡುವೆ ಸಣ್ಣಗೆ ಚಾಚಿದ ನೆಲಕ್ಕೆ ಖಾಕನಾಯ. ಖಾಕ ಅಂದರೆ ಮಣ್ಣು, ಧೂಳು. ನಾಯ ಅಂದರೆ ಫಾರಸಿಯಲ್ಲಿ ಪೊಳ್ಳು ಕೊಳವೆ, ಊದುವ ಕೊಳಲು. ಮನುಷ್ಯನ ಗಂಟಲಿಗೂ ಅದೇ ಮಾತು. ಮಣ್ಣಿನ ಗಂಟಲು ಅಂತ ಅರ್ಥ, ಯಾರೋ ಭೂಗೋಳದ ಪುಸ್ತಕ ಬರೆದ ಪುಣ್ಯಾತ್ಮ ಎರಡು ಮಾತು ಕೂಡಿಸಿ ಮಾಡಿದ್ದಿರಬೇಕು ಅನ್ನುತ್ತಿದ್ದ ಅಪ್ಪ. ನಮ್ಮ ಪುಸ್ತಕದಲ್ಲಿ ಅದನ್ನು ಭೂಸಂಧಿ ಅಂತ ಬರೆದಿದ್ದರು, ಅದು ಅವನಿಗೆ ಸಪ್ಪೆ ಅನ್ನಿಸುತ್ತಿತ್ತು. ಗೋಡೆ ಎದ್ದ ದಿನ ಸಂಜೆ ಬಾಗಿಲಲ್ಲಿ ನಿಂತು ಆ ಬರಿಮಣ್ಣಿನ ಪಟ್ಟಿಯನ್ನು ನೋಡಿ, ಖಾಕನಾಯ ಅಂದನಂತೆ. ನಾನು ಹುಟ್ಟಿ ಮಾತು ಕಲಿಯುವ ಹೊತ್ತಿಗೆ ಅದು ಮನೆಯ ಮಾತಾಗಿತ್ತು. ಖಾಕನಾಯದಾಗ ಆಡಬ್ಯಾಡ, ಖಾಕನಾಯದಾಗ ಬೆಕ್ಕು ಮರಿ ಹಾಕ್ಯದ ಅಂತ ಅನ್ನುತ್ತಿದ್ದೆವು. ಎಲ್ಲರ ಮನೆಯಲ್ಲೂ ಒಂದು ಖಾಕನಾಯ ಇರುತ್ತದೆ ಅಂತ ನಾನು ನಂಬಿದ್ದೆ. ಒಂದು ದಿನ ಅದರ ಅರ್ಥ ಪಾಠದ ಹಾಗೆ ಹೇಳು ಅಂತ ಕೇಳಿದೆ. ಅಪ್ಪ ಕಣ್ಣು ಮುಚ್ಚಿ ರಾಗವಾಗಿ ಹೇಳಿದ:

"ಔರ್ ದೋ ಪಾನಿಯೋಂಕೋ ಜುದಾ ಕರೇ."

ಮತ್ತೂ ಎರಡು ನೀರುಗಳನ್ನು ಬೇರೆ ಮಾಡುವುದು. ಪಾಠ ಮತ್ತೂ ಅಂತ ಶುರುವಾಗುತ್ತದೇನು ಅಪ್ಪಾ ಅಂತ ಕೇಳಿದೆ. ನಮಗ ಹಂಗ ಕಲಿಸ್ಯಾರ ಅಂದು ಪೇಪರಿನೊಳಗೆ ಮುಖ ಹಾಕಿದ. ಎಷ್ಟು ಸಲ ಕೇಳಿದರೂ ಅಷ್ಟೇ. ಬೇರೆ ಮಾಡುವುದು, ಅಷ್ಟೇ ಅದರ ಕೆಲಸ. ಪಕ್ಕದ ಗೋಡೆ ನೋಡಿದರೆ ಅದು ಸರಿಯಾಗಿಯೇ ಕಾಣುತ್ತಿತ್ತು.

ಶರಣಮ್ಮಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಮನೆಯಲ್ಲಿ ಮಾತಿಲ್ಲದಿದ್ದರೂ ಸಾಲಿಯಲ್ಲಿ ನಮ್ಮನ್ನು ತಡೆಯುವವರಿರಲಿಲ್ಲ. ಒಂದು ದಿನ ನೀರಿನ ಬಿಂದಿಗೆಯ ಹತ್ತಿರ ನಿಂತಾಗ ಅವಳು ಖಾಕನಾಯ ಅಂದಳು. ನಾನು ಬೆರಗಾದೆ. ನಮ್ಮಪ್ಪ ಇಟ್ಟ ಹೆಸರು ನಿನಗೆ ಹೇಗೆ ಗೊತ್ತು ಅಂದೆ. ನಿಮ್ಮಪ್ಪ ಯಾಕ ಇಡ್ತಾನ, ನಮ್ಮಪ್ಪ ಇಟ್ಟದ್ದು, ಜಾಗಾನೂ ನಮ್ಮಪ್ಪಂದು, ಆಯಿ ಅಡ್ಯಾಡ್ಲಿ ಅಂತ ಬಿಟ್ಟಾನ ಅಂದಳು. ಜಡೆ ಹಿಡಿದು ಜಗ್ಗಾಡಿಕೊಂಡೆವು. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಜಾಗಕ್ಕೆ ಒಂದೇ ಹೆಸರು ಇಟ್ಟಿದ್ದರು, ಇಬ್ಬರೂ ಅದು ತನ್ನ ದಾನ ಅನ್ನುತ್ತಿದ್ದರು. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಅದು ದೊಡ್ಡಪ್ಪನೇ ಇರಬೇಕು ಅಂತ ನಾನು ತೀರ್ಮಾನಿಸಿದೆ. ಆ ಸಿಟ್ಟಿನಲ್ಲಿ ಒಂದು ತಿಂಗಳು ಅವಳ ಪಕ್ಕ ಕೂರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಆ ಕಲ್ಲು ಕಂಡಿತು. ಎರಡು ದಿನ ಬಿಡದೆ ಸುರಿದ ಮಳೆಗೆ ಸಂದಿಯ ಸಾರಣೆ ಎಲ್ಲ ಎದ್ದುಹೋಗಿತ್ತು. ಮೂರನೆಯ ದಿನ ಮಧ್ಯಾಹ್ನ ಬಿಸಿಲು ಬಿದ್ದಾಗ ಆಯಿ ಬುಟ್ಟಿಯಲ್ಲಿ ಮಣ್ಣು ತಂದು ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಬಾಗಿಲು ತೆಗೆದು ಇಣುಕಿದೆ. ಸಂದಿಯ ನಟ್ಟನಡುವೆ ಅಂಗೈಯಷ್ಟು ಕಲ್ಲು ಹೊರಗೆ ಕಾಣುತ್ತಿತ್ತು, ಅದರ ಮೇಲೆ ಚಾಣದಿಂದ ಕೆತ್ತಿದ ಅಡ್ಡಗೆರೆ, ಉದ್ದಗೆರೆ. ಆಯಿ ಗಡಬಡಿಸಿ ಅದರ ಮೇಲೆ ಕೈ ಇಟ್ಟಳು. ಹಿರಿಯರು ಹುಗಿದ ಗುರುತಿನ ಕಲ್ಲಿನ ಸುದ್ದಿ ನನಗೆ ಗೊತ್ತಿತ್ತು. ಅಪ್ಪ ಹೇಳಿದ್ದು ಖರೆ ಇದ್ದರೆ ಅದು ದೊಡ್ಡಪ್ಪನ ಗೋಡೆಗೆ ಹತ್ತಿರ ಇರಬೇಕಿತ್ತು, ಶರಣಮ್ಮಕ್ಕ ಹೇಳಿದ್ದು ಖರೆ ಇದ್ದರೆ ನಮ್ಮ ಗೋಡೆಗೆ. ಅದು ನಡುವೆ ಇತ್ತು. ಯಾಕೆ ಅಂತ ಕೇಳಿದೆ. ಆಯಿ ಎರಡೂ ಬಾಗಿಲ ಕಡೆ ನೋಡಿ, ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು. ಗೋಡೆ ಕಟ್ಟುವ ಮುಂಚೆ ಅಪ್ಪ ಮೌಲಾಸಾಬನ ಹತ್ತಿರ ಹೋಗಿ, ಅವ್ವಗ ಅಡ್ಯಾಡೋ ಅಷ್ಟು ಹಾದಿ ನನ್ನ ಪಾಲಿನಾಗ ಬಿಡು, ಅಣ್ಣಗ ಹೇಳಬ್ಯಾಡ ಅಂದಿದ್ದ. ಮರುದಿನ ದೊಡ್ಡಪ್ಪನೂ ಹೋಗಿ ಅದನ್ನೇ ಅಂದಿದ್ದ, ತಮ್ಮಗ ಹೇಳಬ್ಯಾಡ ಅಂದಿದ್ದ. ಮೌಲಾಸಾಬ ಇಬ್ಬರಿಗೂ ಮಾತು ಕೊಟ್ಟ. ಇಬ್ಬರ ಕಡೆಯಿಂದಲೂ ಮೂರು ಮೂರು ಫೂಟು ಬಿಟ್ಟರೆ ಅಂಗಳವೇ ಹಾಳು ಅಂತ ಯೋಚಿಸಿ ಇವನ ಕಡೆ ಒಂದೂವರೆ, ಅವನ ಕಡೆ ಒಂದೂವರೆ ಬಿಟ್ಟ. ಸಂದಿ ಒಂದೇ ಆಯಿತು, ಅದನ್ನು ಅವನು ಆಯಿಗೆ ಮಾತ್ರ ಹೇಳಿದ. ನೋಡಿದವರಿಬ್ಬರೂ ಪೂರ್ತಿ ತನ್ನದೇ ಅಂದುಕೊಂಡರು. ಅಳೆದು ನೋಡಲು ಯಾರೂ ಆ ಮಣ್ಣಿನಲ್ಲಿ ಕಾಲಿಡಲಿಲ್ಲ. ಅವರು ಕಾಲಿಡುವ ಮುಂಚೆಯೇ ಆಯಿ ಕಲ್ಲಿನ ಮೇಲೆ ಸಾರಿಸಿಬಿಟ್ಟಿದ್ದಳು.

ನಾನು ಎದ್ದು ನಿಂತೆ. ಈಗಲೇ ಓಡಿಹೋಗಿ ಅವ್ವನಿಗೆ ಹೇಳುತ್ತೇನೆ, ಸಂಜೆ ಅಪ್ಪ ಬಂದ ಕೂಡಲೇ ಹೇಳುತ್ತೇನೆ ಅಂದೆ. ಆಯಿ ನನ್ನ ಲಂಗ ಹಿಡಿದಳು.

"ಹೇಳಬ್ಯಾಡ. ಗೊತ್ತಾತಂದ್ರ ಮದಲ ಟೇಪು ತರ್ತಾರ. ಅಳೀತಾರ. ತಮ್ಮ ತಮ್ಮದು ತಮಗ ಅಂತ ಗೋಡಿ ಮುಂದ ಸರಸ್ತಾರ. ಆಮ್ಯಾಲ ನಾ ಎಲ್ಲಿ ಅಡ್ಯಾಡ್ಲಿ?"

"ಇಬ್ಬರೂ ಮಾತಾಡಬಹುದಲ್ಲ ಆಯಿ?"

ಅವಳು ಮಣ್ಣಿಗೆ ಇನ್ನಿಷ್ಟು ನೀರು ಹಾಕಿ ಕಲಸಿದಳು.

"ಮಾತಾಡಬಹುದು. ಆಡದಿದ್ರ? ನನ್ನ ಕೈಯಾಗ ಇರೋದು ಇದೊಂದ ಹಾದಿ, ಮಾದೇವಿ."

ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ನನ್ನ ಕೈಯಲ್ಲಿಟ್ಟು ಮುಚ್ಚಿ, ಆಣೆ ಮಾಡಿಸಿದಳು. ನಾನು ಮಾಡಿದೆ. ಆಮೇಲೆ ಇಬ್ಬರೂ ಸೇರಿ ಕಲ್ಲಿನ ಮೇಲೆ ಸಾರಿಸಿದೆವು. ಆ ಸಂದಿಯ ಮಣ್ಣಿಗೆ ಅವಳಲ್ಲದೆ ಇನ್ನೊಬ್ಬರ ಕೈ ತಾಗಿದ್ದು ಅದೊಂದೇ ಸಲ. ಅವಳನ್ನು ನಾನು ಈಗ ಬೈಯಲಾರೆ, ಹೊಗಳಲೂ ಆರೆ. ಅವಳು ತನ್ನ ಹಾದಿ ಉಳಿಸಿಕೊಂಡಳು, ಮಕ್ಕಳ ಸಿಟ್ಟನ್ನೂ ಅದರ ಜೊತೆಗೇ ಉಳಿಸಿದಳು. ಎರಡರಲ್ಲಿ ಒಂದು ಹಿಡಿದರೆ ಇನ್ನೊಂದು ಕೈಬಿಡುತ್ತದೆ ಅಂತ ಅವಳಿಗೆ ಗೊತ್ತಿತ್ತು. ಆ ವಯಸ್ಸಿಗೆ ಅವಳಿಗೂ ನನ್ನ ಹಾಗೆ ಸಾಕಾಗಿತ್ತೋ ಏನೋ.

ಅಲ್ಲಿಂದ ನನ್ನ ಊಟ ಕೆಟ್ಟಿತು. ಅಪ್ಪ ಊಟಕ್ಕೆ ಕೂತಾಗಲೆಲ್ಲ ಆ ಮಾತು ಹೇಗಾದರೂ ಬರುತ್ತಿತ್ತು. ಹೊರಗೆ ದೊಡ್ಡಪ್ಪನ ಕೆಮ್ಮು ಕೇಳಿದರೆ ಸಾಕು, ಮೂರು ಫೂಟು ಬಿಟ್ಟು ಕೊಟ್ಟೀನಿ, ಒಂದು ಮಾತು ಇಲ್ಲ ಅನ್ನುವನು. ಅವ್ವ, ಅವರಿಗೆ ಕೊಟ್ಟದ್ದು ಬಾವ್ಯಾಗ ಹಾಕಿದಂಗ ಅನ್ನುವಳು. ನನ್ನ ಬಾಯಲ್ಲಿ ರೊಟ್ಟಿ ಇರುತ್ತಿತ್ತು, ಅದರ ಹಿಂದೆ ಆ ಕಲ್ಲು. ನುಂಗುತ್ತಿದ್ದೆ. ಹುಡುಗಿ ಭಾಳ ಶಾಣೆ, ಎದುರು ಮಾತಿಲ್ಲ ಅಂತ ಬಂದವರೆಲ್ಲ ಹೊಗಳುತ್ತಿದ್ದರು. ಇಡೀ ಜನ್ಮ ನನಗೆ ಆ ಹೊಗಳಿಕೆಯೇ ಬಂತು. ಗಂಡನ ಮನೆಯಲ್ಲಿ, ಸಾಲಿಯ ಸ್ಟಾಫ್ ರೂಮಿನಲ್ಲಿ, ಎಲ್ಲ ಕಡೆ ಹೇಳಬೇಕಾದ್ದನ್ನು ನುಂಗಿ ಒಳ್ಳೆಯವಳೆನಿಸಿಕೊಂಡೆ. ಅದನ್ನು ಕಲಿತದ್ದು ಆ ತಾಟಿನ ಮುಂದೆ.

ನನಗೆ ಹದಿನೈದು ಆದಾಗ ಆಯಿ ಹೋದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಒರಗಿಸಿ ಪಡಸಾಲೆಯಲ್ಲಿ ಕೂಡಿಸಿ ಮಣ್ಣಿಗೆ ಒಯ್ಯುವವರೆಗೆ ಭಜನೆ. ಯಾರ ಪಡಸಾಲೆಯಲ್ಲಿ ಕೂಡಿಸುವುದು ಅಂತ ತಕರಾರು ಬಂತು. ಹಿರಿಮಗನ ಮನೆ ಅಂತ ಅವರು, ಪ್ರಾಣ ಹೋದದ್ದು ಇಲ್ಲಿ ಅಂತ ಇವರು. ಹೊತ್ತು ಏರುತ್ತಿತ್ತು. ಕಡೆಗೆ ಮಠದಿಂದ ಬಂದ ಅಯ್ಯನವರು ಬೇಸತ್ತು, ಆಕಿ ಎಲ್ಲಿ ಅಡ್ಯಾಡ್ತಿದ್ದಳು ಅಲ್ಲೇ ಕೂಡಸ್ರಿ ಅಂದರು. ಸಂದಿಯಲ್ಲಿ ಮಣೆ ಹಾಕಿ, ಬೀದಿಗೆ ಮುಖ ಮಾಡಿ ಕೂಡಿಸಿದರು. ಮಣೆ ಬಿದ್ದದ್ದು ಆ ಕಲ್ಲಿನ ಮೇಲೆಯೇ. ಬಲಗಡೆಯ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ, ಎಡಗಡೆಯ ಬಾಗಿಲಲ್ಲಿ ಅಪ್ಪ, ನಡುವೆ ಅವರ ಅವ್ವ. ಇಬ್ಬರೂ ಅಳುತ್ತಿದ್ದರು. ಆಣೆ ಮಾಡಿಸಿದವಳು ಹೋದಳು, ಅವಳಿಗೆ ಇನ್ನು ಹಾದಿ ಬೇಕಿಲ್ಲ, ಈಗ ಹೇಳಬಹುದು ಅಂತ ನನಗೆ ಹೊಳೆಯಿತು. ಅಪ್ಪನ ತೋಳು ಹಿಡಿದೆ. ಅವನು ತಿರುಗಿ ನೋಡಿದ. ಇಷ್ಟು ಜನರ ಮುಂದೆ ಹೇಗೆ, ನಾಳೆ ಹೇಳೋಣ ಅಂದುಕೊಂಡು, ನೀರು ಬೇಕೇನಪ್ಪ ಅಂತ ಕೇಳಿದೆ. ಆ ನಾಳೆ ಬರಲಿಲ್ಲ. ಮಣ್ಣಿಗೆ ಇಬ್ಬರೂ ಹೆಗಲು ಕೊಟ್ಟರು. ಬಂದು ತಮ್ಮ ತಮ್ಮ ಬಾಗಿಲಿಗೆ ಅಗಳಿ ಹಾಕಿಕೊಂಡರು. ಸಂದಿ ಸಾರಿಸುವವರಿಲ್ಲದೆ ಅದರ ಮೇಲೆ ಕಲ್ಲಿನ ಪುಡಿ, ಕಸ ಕೂಡುತ್ತ ಹೋಯಿತು.

ಅಪ್ಪ ಕೊನೆಯ ಎರಡು ವರ್ಷ ನನ್ನ ಹತ್ತಿರ ಸೇಡಂದಲ್ಲಿದ್ದ. ಅವ್ವ ಆಗಲೇ ಹೋಗಿದ್ದಳು. ಅವನಿಗೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಮಂಚ ಹಾಕಿಸಿದ್ದೆ. ಒಂದು ಮುಂಜಾನೆ ನಾನು ಮೋಸಂಬಿ ಸುಲಿಯುತ್ತ ಕೂತಿದ್ದೆ. ಅವನು ಹೊರಗೆ ನೋಡುತ್ತಲೇ ಹೇಳಿದ:

"ಮೂರು ಫೂಟು ಬಿಟ್ಟಿದ್ದೆ ಮಾದೇವಿ. ಅಣ್ಣ ಒಮ್ಮೀನೂ ಬಿಟ್ಟಿದಿ ಅನ್ನಲಿಲ್ಲ. ಅಷ್ಟು ಅಂದಿದ್ರ ಸಾಕಿತ್ತು."

ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವನಿಗೆ ಬೇಕಾದದ್ದು ಜಗತ್ತಿನಲ್ಲಿ ಅದೊಂದೇ, ಅದು ನನ್ನ ಹತ್ತಿರ ಇತ್ತು. ಆದರೆ ಹೇಳಿದರೆ, ನಿನಗೆ ಯಾವಾಗ ಗೊತ್ತಾಯಿತು ಅಂತ ಕೇಳುತ್ತಾನೆ. ನಲವತ್ತು ವರ್ಷ ನಾನು ಎದುರಿಗೆ ಕೂತು ಅವನು ಆ ಸಂಕಟ ಉಣ್ಣುವುದನ್ನು ನೋಡಿದ್ದೇನೆ ಅಂತ ಹೇಗೆ ಹೇಳಲಿ. ಹೆದರಿದೆ. ಆಣೆ ಅಲ್ಲ, ಹೆದರಿಕೆ. ಮೋಸಂಬಿಯ ಒಂದು ತೊಳೆ ಅವನ ಕೈಯಲ್ಲಿಟ್ಟೆ. ಅವನು ತಿಂದ, ಹುಳಿ ಅದ ಅಂದ. ಅದಾದ ಎಂಟು ದಿನಕ್ಕೆ ಹೋದ. ಮಣ್ಣಿಗೆ ದೊಡ್ಡಪ್ಪ ಶಹಾಬಾದದಿಂದ ಬಂದಿದ್ದ, ಎಲ್ಲರಿಗಿಂತ ಹಿಂದೆ ನಿಂತು, ಒಂದು ಹಿಡಿ ಮಣ್ಣು ಹಾಕಿ, ಯಾರ ಹತ್ತಿರವೂ ಮಾತಾಡದೆ ಬಸ್ಸು ಹತ್ತಿದ.

ಹೀಗೆ ಹೋದ ತಿಂಗಳು ಸೇಡಂದಲ್ಲಿ ಗಾಡಿ ಹತ್ತಿ, ಚಿತ್ತಾಪುರ ದಾಟಿ, ವಾಡಿಯಲ್ಲಿ ಅರ್ಧ ತಾಸು ನಿಂತು, ಶಹಾಬಾದದಲ್ಲಿ ಇಳಿದೆ. ಹೋಗುವಾಗಲೂ ನಿರ್ಧಾರ ಆಗಿರಲಿಲ್ಲ. ಮುಚ್ಚಿದರೆ ಮುಚ್ಚಲಿ, ಕಲ್ಲು ಕಂಡರೂ ಯಾರಿಗೆ ಏನು ತಿಳಿಯುತ್ತದೆ ಅಂತಲೇ ಅಂದುಕೊಂಡಿದ್ದೆ. ಇಬ್ಬರು ಆಳುಗಳು ಬೀದಿ ಕಡೆಯಿಂದ ಅಗೆಯುತ್ತ ಬರುತ್ತಿದ್ದರು. ನಡುವಿಗೆ ಬಂದಾಗ ಅವರ ಕೈಯ ಹಾರೆ ಠಣ್ಣೆಂದಿತು. ಒಬ್ಬ ಮಣ್ಣು ಸರಿಸಿ, ಗುರ್ತಿನ ಕಲ್ಲು ಇದ್ದಂಗ ಅದರಿ, ಒಡದು ತೆಗೀಲೇನ್ರಿ ಅಕ್ಕೋರೆ ಅಂತ ನನ್ನನ್ನೇ ಕೇಳಿದ. ಹೂಂ ಅಂದರೆ ಮುಗಿಯುತ್ತಿತ್ತು. ಬ್ಯಾಡ, ನಿಲ್ಲಸ್ರಿ ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಬೇಡ ಅಂದ ಮೇಲೆ ಕಾರಣ ಹೇಳಬೇಕಾಯಿತು. ಶರಣಮ್ಮಕ್ಕನನ್ನು ಹೊಸ್ತಿಲ ಮೇಲೆ ಕೂರಿಸಿ ಎಲ್ಲ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. ಅಪ್ಪ ದಿನಾ ಅಂತಾನ, ನಾ ಬಿಟ್ಟಿದ್ದೆ, ಅಂವ ಒಂದು ಮಾತು ಆಡಲಿಲ್ಲ ಅಂತ, ಇವತ್ತು ಮುಂಜಾನೇನೂ ಅಂದಾನ ಅಂದಳು. ಆಮೇಲೆ ಎದ್ದು ಒಳಗೆ ಹೋಗಿ ಟೇಪು ತಂದಳು. ಆಯಿ ಹೇಳಿದ್ದು ಖರೆಯಾಯಿತು. ಇಬ್ಬರೂ ಮುದುಕಿಯರು ಬಗ್ಗಿ ಅಳೆದೆವು. ಆ ಕಡೆ ಒಂದೂವರೆ, ಈ ಕಡೆ ಒಂದೂವರೆ. ಮೌಲಾಸಾಬನ ಕೈ ಎಲ್ಲೂ ತಪ್ಪಿರಲಿಲ್ಲ.

ದೊಡ್ಡಪ್ಪ ಪಡಸಾಲೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ತೊಂಬತ್ತು ದಾಟಿದೆ, ಒಂದು ಕಿವಿ ಕೇಳುವುದಿಲ್ಲ, ಬುದ್ಧಿ ನೆಟ್ಟಗಿದೆ. ಕೇಳುವ ಕಿವಿಯ ಕಡೆ ಕುರ್ಚಿ ಎಳೆದುಕೊಂಡು ಕೂತೆ. ಅಪ್ಪನಿಗೆ ಹೇಳಬೇಕಾಗಿದ್ದ ಮಾತನ್ನು ಒಂದೊಂದಾಗಿ ಅವನಿಗೆ ಹೇಳಿದೆ. ಮುಗಿದ ಮೇಲೆ ಕೇಳಿದ:

"ಅಂವನೂ ಬಿಟ್ಟಿದ್ದನೇನು?"

"ಹೂಂ ದೊಡ್ಡಪ್ಪ. ನಿನ್ನಷ್ಟ."

"ನಿನಗ ಯಾವಾಗ ಗೊತ್ತಾತು?"

ಆ ಪ್ರಶ್ನೆ ಬಂದೇ ಬಂತು.

"ಒಂಬತ್ತು ವರ್ಷದಾಕಿ ಇದ್ದಾಗ."

ಬೈಯುತ್ತಾನೆ ಅಂತ ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಸಂದಿಯ ಕಡೆಯ ಗೋಡೆಯನ್ನು ನೋಡುತ್ತ ಕೂತ. ಕಣ್ಣು ಒರೆಸಲು ಶರಣಮ್ಮಕ್ಕ ಬಂದಳು, ಅವಳ ಕೈ ಸರಿಸಿದ. ನಿಮ್ಮಪ್ಪ ಆ ಸಂದಿಗೆ ಏನಂತಿದ್ದ ಅಂತ ಕೇಳಿದ. ಖಾಕನಾಯ ಅಂದೆ. ಮುಖದಲ್ಲಿ ನಗುವಿನಂಥದ್ದೇನೋ ಬಂತು. ಆಮೇಲೆ ಯಾವತ್ತೂ ಹೇಳದಿದ್ದನ್ನು ಹೇಳಿದ. ದೊಡ್ಡಪ್ಪನನ್ನು ಸಾಲಿಗೆ ತಡವಾಗಿ ಹಾಕಿದ್ದರಿಂದ ಅಣ್ಣತಮ್ಮಂದಿರು ಒಂದೇ ವರ್ಗದಲ್ಲಿ ಕೂತವರು. ಉರ್ದು ಮಾಸ್ತರರು ಹುಡುಗರನ್ನು ಎರಡು ಸಾಲು ಮಾಡಿ ಪಾಠ ಹೇಳಿಸುತ್ತಿದ್ದರು. ಬಲಸಾಲು ಅರ್ಧ ಹೇಳಬೇಕು, ಎಡಸಾಲು ಉಳಿದರ್ಧ. ದೊಡ್ಡಪ್ಪ ಬಲಸಾಲು, ಅಪ್ಪ ಎಡಸಾಲು. ಅಪ್ಪನ ಪಾಠ ಮತ್ತೂ ಅಂತ ಯಾಕೆ ಶುರುವಾಗುತ್ತಿತ್ತು ಅಂತ ನನಗೆ ಆಗ ತಿಳಿಯಿತು. ಮೂವತ್ತು ವರ್ಷ ಮಕ್ಕಳಿಗೆ ಭೂಸಂಧಿಯ ಪೂರ್ತಿ ವ್ಯಾಖ್ಯೆ ಬರೆಸಿದವಳು ನಾನು, ಆದರೂ ನಮ್ಮಪ್ಪ ಅರ್ಧವೇ ಯಾಕೆ ಹೇಳುತ್ತಿದ್ದ ಅಂತ ಹೊಳೆದಿರಲಿಲ್ಲ. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿದ.

"ಖಾಕನಾಯ ವೋ ತಂಗ್ ಜಮೀನ್ ಹೈ, ಜೋ ದೋ ಮುಲ್ಕೋಂಕೋ ಮಿಲಾಯೇ."

ಎರಡು ನಾಡುಗಳನ್ನು ಕೂಡಿಸುವ ಸಣ್ಣ ನೆಲ. ಅಷ್ಟು ಹೇಳಿ ನಿಲ್ಲಿಸಿದ. ಮುಗಿಯಿತೇನೋ ಅಂದುಕೊಂಡೆ. ಮುಗಿದಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, ತಲೆ ಒಂದಿಷ್ಟು ಎಡಕ್ಕೆ ವಾಲಿಸಿ, ಅವನು ಕಾಯುತ್ತಿದ್ದ. ಹೊರಗೆ ಆಳುಗಳು ಕೆಲಸ ನಿಲ್ಲಿಸಿ ಬೀಡಿ ಹಚ್ಚಿದ್ದರು. ಶರಣಮ್ಮಕ್ಕ ನನ್ನ ಕಡೆ ನೋಡಿದಳು. ಎಡಸಾಲಿನ ಉಳಿದರ್ಧವನ್ನು ನಾನು ಒಂದೇ ಉಸಿರಿಗೆ ಹೇಳಿದೆ:

"ಔರ್ ದೋ ಪಾನಿಯೋಂಕೋ ಜುದಾ ಕರೇ."

ದೊಡ್ಡಪ್ಪ ಕಣ್ಣು ತೆರೆದು ನನ್ನನ್ನು ನೋಡಿದ.

"ನಿಮ್ಮಪ್ಪ ಇಷ್ಟು ಗಡಬಡಿ ಮಾಡ್ತಿದ್ದಿಲ್ಲ," ಅಂದ.